ಆಗದು ಎನ್ನಿಸಿಕೊಳ್ಳಲು ಕೊಟ್ಟ 17,110 ರೂಪಾಯಿ

ಫೆಬ್ರವರಿಯಲ್ಲಿ ಮಂಗಳೂರಿನ ಒಬ್ಬ ಪೇಟೆಂಟ್ ಏಜೆಂಟರಿಗೆ 17,110 ರೂಪಾಯಿ ಕೊಟ್ಟು, ಮಿಲ್ಲಿನ ಯಂತ್ರ ಓಡಿಸಲು ನಾನು ಮಾಡಿದ ಬೆಲ್ಟಿಗೆ ಪೇಟೆಂಟ್ ಸಿಗುವುದಿಲ್ಲ ಎಂಬ 23 ಪುಟಗಳ ವರದಿಯನ್ನು ಮನೆಗೆ ತಂದೆ. ಶುಲ್ಕ 14,500, ಅದರ ಮೇಲೆ ಜಿಎಸ್‌ಟಿ 2,610. ಮನೆಯವಳು ಲೆಕ್ಕ ಕೇಳಿ, "ಇಲ್ಲ ಎನ್ನುವುದಕ್ಕೆ ಇಷ್ಟು ದುಡ್ಡೇ? ನಾನಾದರೆ ಧರ್ಮಕ್ಕೇ ಹೇಳುತ್ತಿದ್ದೆ" ಎಂದಳು. ಆದರೂ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಕಳೆದ ಒಂದು ನಕ್ಷತ್ರದ ಕಥೆ ಕೊನೆಯಲ್ಲಿದೆ. ಅದರಲ್ಲಿ 1956ನೇ ಇಸವಿಯೂ ಬರುತ್ತದೆ.

ಏಜೆಂಟರ ಹೆಸರನ್ನು ಬರೆಯುವುದಿಲ್ಲ. ಅವರ ಬಗ್ಗೆ ದೂರುಗಳೂ ಇವೆ, ಅವನ್ನು ಅವರ ಮುಖಕ್ಕೇ ಹೇಳಿದ್ದಾಗಿದೆ. ಅವರಿಗಿಂತ ಮೊದಲು ನನ್ನ ದುಡ್ಡು ನುಂಗಿದ ಇನ್ನೊಂದು ಸಂಸ್ಥೆ ಇದೆ. ಅದರ ಹೆಸರೂ ಬೇಡ.

ಮೊದಲು ಬೆಲ್ಟಿನ ವಿಷಯ. ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಹಳೆಯ ಮಿಲ್ಲು. ಒಂದು ಬದಿಯಲ್ಲಿ ಅಕ್ಕಿ, ಗೋಧಿ, ಮೆಣಸು ಹುಡಿ ಮಾಡುವ ಯಂತ್ರಗಳು. ಇನ್ನೊಂದು ಬದಿಯಲ್ಲಿ ಕೊಪ್ಪರದಿಂದ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರ್. ಅಪ್ಪ ಹಾಕಿಸಿದಾಗ ಡೀಸೆಲ್ ಇಂಜಿನ್ ಇತ್ತು, ಈಗ ಹತ್ತು ಅಶ್ವಶಕ್ತಿಯ ಮೋಟಾರು ಇದೆ. ಗೋಡೆಯುದ್ದಕ್ಕೂ ಹೋಗುವ ಶಾಫ್ಟು, ಅದರ ಮೇಲಿನ ಪುಲ್ಲಿಗಳು, ಚಪ್ಪಟೆ ಬೆಲ್ಟು ಮಾತ್ರ ಅಪ್ಪನ ಕಾಲದಂತೆಯೇ ಇವೆ.

ವಿ-ಬೆಲ್ಟಿಗೆ ಬದಲಾಯಿಸಬಾರದೇ ಎಂದು ಬಂದವರೆಲ್ಲ ಕೇಳುತ್ತಾರೆ. ಮೆಣಸಿನ ಯಂತ್ರಕ್ಕೆ ಬದಲಾಯಿಸಿದ್ದೇನೆ. ಬಿ ಸೆಕ್ಷನ್ ಎಂಬ ಅಳತೆಯದು, ಮೇಲಗಲ 17 ಮಿಲಿಮೀಟರ್, ದಪ್ಪ 11; ಮೂರು ಬೆಲ್ಟು ಕೂರಲು ಮೂರು ಸಾಲು ಕೊರೆದ ಪುಲ್ಲಿ. ವಿ-ಬೆಲ್ಟು ತಳದಿಂದ ಎಳೆಯುವ ವಸ್ತುವಲ್ಲ. ಎರಡು ಪಕ್ಕೆಗಳನ್ನು ಸಾಲಿನ ಗೋಡೆಗೆ ಬೆಣೆಯಂತೆ ಒತ್ತಿಕೊಂಡು ಎಳೆಯುತ್ತದೆ. ಸವೆದು ಸವೆದು ತಳ ಮುಟ್ಟಿತೆಂದರೆ ಅದರ ಕಥೆ ಮುಗಿಯಿತು. ಮೂರರಲ್ಲಿ ಒಂದು ಹೋದರೆ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಇಲ್ಲವಾದರೆ ಹಿಗ್ಗಿದ ಹಳೆಯವೆರಡು ಆರಾಮವಾಗಿ ಸುತ್ತುತ್ತವೆ, ಹೊಸದೊಂದೇ ಭಾರವೆಲ್ಲ ಹೊತ್ತು ಬೇಗ ಸಾಯುತ್ತದೆ. ಕೂಡು ಕುಟುಂಬ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಕ್ಸ್‌ಪೆಲ್ಲರಿಗೆ ಚಪ್ಪಟೆ ಬೆಲ್ಟೇ ಬೇಕು ಎನ್ನುವುದಕ್ಕೆ ಕಾರಣವಿದೆ. ಶಾಫ್ಟಿಗೆ ಬಿಗಿದ ಪುಲ್ಲಿಯ ಪಕ್ಕದಲ್ಲೇ ಸುಮ್ಮನೆ ತಿರುಗುವ ಸಡಿಲ ಪುಲ್ಲಿ ಒಂದಿದೆ. ಮರದ ಕೋಲಿನಿಂದ ಬೆಲ್ಟನ್ನು ಅದಕ್ಕೆ ತಳ್ಳಿದರೆ ಮೋಟಾರು ಓಡುತ್ತಿರುವಾಗಲೇ ಯಂತ್ರ ನಿಲ್ಲುತ್ತದೆ. ಕೊಪ್ಪರ ಸಿಕ್ಕಿಕೊಂಡಾಗ ಈ ಕೋಲು ಎಷ್ಟು ಸಲ ಬೆರಳು ಉಳಿಸಿದೆ ಎಂದು ನನಗೆ ಗೊತ್ತು.

ತೊಂದರೆ ಮಳೆಗಾಲದಲ್ಲಿ. ಜೂನ್ ಹಿಡಿದು ಸೆಪ್ಟೆಂಬರ್ ತನಕ ನಮ್ಮಲ್ಲಿ ಗೋಡೆಯೂ ಬೆವರುತ್ತದೆ. ಬೆಲ್ಟಿನ ಮೇಲೆ ತೇವ, ಅದರ ಮೇಲೆ ಎಣ್ಣೆಯ ಪಸೆ, ಅದರ ಮೇಲೆ ಕೊಪ್ಪರದ ಹುಡಿ. ಬೆಲ್ಟು ಜಾರುತ್ತದೆ, ರಬ್ಬರು ಸುಟ್ಟ ವಾಸನೆ ಬರುತ್ತದೆ, ಗಿರಾಕಿಗಳು ಹೊರಗೆ ಹೋಗಿ ನಿಲ್ಲುತ್ತಾರೆ. ರಾಳದ ಪುಡಿ ಎರಚಿದರೆ ಅರ್ಧ ಗಂಟೆ ಹಿಡಿಯುತ್ತದೆ; ಆಮೇಲೆ ಅದೇ ರಾಳಕ್ಕೆ ಹುಡಿ ಅಂಟಿ ಬೆಲ್ಟಿನ ಮೈ ಕನ್ನಡಿಯಂತೆ ಹೊಳೆಯತೊಡಗುತ್ತದೆ. ಹೊಳೆಯುವ ಬೆಲ್ಟು ಕೆಲಸ ಮಾಡದ ಬೆಲ್ಟು.

2022ರಲ್ಲಿ ನಾನು ಮಾಡಿದ್ದು ಇಷ್ಟು. ನಾಲ್ಕು ಇಂಚು ಅಗಲದ, ನಾಲ್ಕು ಪದರ ಕ್ಯಾನ್ವಾಸಿನ ಹದಿನೆಂಟು ಅಡಿ ಬೆಲ್ಟು ತೆಗೆದುಕೊಂಡೆ. ಒಣಗಿದ ಅಡಿಕೆ ಸಿಪ್ಪೆಯನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಬಾಚಿ, ನಾರು ತೆಗೆದು, ಇಂಚಿನುದ್ದಕ್ಕೆ ಕತ್ತರಿಸಿದೆ. ಟಯರ್ ರೀಸೋಲ್ ಮಾಡುವ ಪರಿಚಯದವರ ಕಾರ್ಖಾನೆಗೆ ಹೋಗಿ, ಬೆಲ್ಟಿನ ಒಳಮೈಗೆ ಹಸಿ ರಬ್ಬರಿನ ತೆಳು ಹಾಳೆ ಹಾಸಿ, ಅದರಲ್ಲಿ ನಾರನ್ನು ಅಡ್ಡಡ್ಡಲಾಗಿ ಇಟ್ಟು, ಮೇಲೆ ಇನ್ನೊಂದು ಹಾಳೆ ಮುಚ್ಚಿ, ಟಯರಿನಲ್ಲಿರುವಂಥ ಓರೆ ಗೀರುಗಳ ಅಚ್ಚಿನಲ್ಲಿ ಒತ್ತಿ ಬೇಯಿಸಿದೆವು. ಎಣ್ಣೆ, ನೀರು ಗೀರಿನಲ್ಲಿ ಹರಿದು ಹೋಗುತ್ತದೆ. ಅಡ್ಡ ನಾರು ರಬ್ಬರನ್ನು ಬಿಗಿ ಹಿಡಿದು ಪುಲ್ಲಿಯನ್ನು ಕಚ್ಚುತ್ತದೆ. ಇಷ್ಟನ್ನೂ ಇಲ್ಲಿ ಧಾರಾಳವಾಗಿ ಬರೆಯುತ್ತಿದ್ದೇನೆ. ಮುಚ್ಚಿಡುವ ಕಾಲ ಮೀರಿ ಹೋಗಿದೆ.

ಆ ಬೆಲ್ಟು ಎರಡು ಮಳೆಗಾಲ ಓಡಿತು. ಅಂಚು ಸ್ವಲ್ಪ ಉಬ್ಬಿತು, ಸುಳ್ಳು ಹೇಳುವುದಿಲ್ಲ. ನೈಸರ್ಗಿಕ ರಬ್ಬರು ಎಣ್ಣೆ ಕುಡಿದು ಉಬ್ಬುವ ಜಾತಿಯದು. ಆದರೆ ರಾಳದ ಡಬ್ಬ ಮೂಲೆ ಸೇರಿತು. ನೀರ್ಚಾಲು, ಮುಳ್ಳೇರಿಯ, ಸೀತಾಂಗೋಳಿಯ ಕಡೆಯ ಮೂವರು ಮಿಲ್ಲಿನವರು ಬಂದು ನೋಡಿ, ತಮಗೂ ಒಂದೊಂದು ಮಾಡಿಸಿಕೊಂಡು ದುಡ್ಡು ಕೊಟ್ಟು ಹೋದರು. ಬೆಂಗಳೂರಿನಲ್ಲಿರುವ ಸೋದರಳಿಯ 2023ರ ಆಗಸ್ಟಿನಲ್ಲಿ ಊರಿಗೆ ಬಂದವನು ಮೊಬೈಲಿನಲ್ಲಿ ನಾಲ್ಕು ನಿಮಿಷದ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ. "ಮಾವ, ಇದಕ್ಕೆ ಪೇಟೆಂಟ್ ಮಾಡಿಸಿ" ಎಂದು ಹೇಳಿದವನೂ ಅವನೇ. ಮೊದಲು ವಿಡಿಯೋ, ಆಮೇಲೆ ಸಲಹೆ. ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಿ.

ಮೊದಲ ಸಂಸ್ಥೆ ಸಿಕ್ಕಿದ್ದು ಮೊಬೈಲಿನ ಜಾಹೀರಾತಿನಲ್ಲಿ. 9,999 ರೂಪಾಯಿ, ಹದಿನೈದು ದಿನದಲ್ಲಿ ಪೇಟೆಂಟ್ ನಂಬರು, ಜಗತ್ತಿಗೆಲ್ಲ ಅನ್ವಯ. ವಾಟ್ಸಾಪಿನಲ್ಲಿ ಬಂದ ಒಂದು ಅರ್ಜಿಯಲ್ಲಿ "ನಿಮ್ಮ ಆವಿಷ್ಕಾರವನ್ನು ಪೂರ್ತಿ ವಿವರಿಸಿ" ಎಂದಿತ್ತು. ಗೋಪ್ಯತೆಯ ಒಂದು ಸಾಲೂ ಇರಲಿಲ್ಲ. ದುಡ್ಡು ಕಟ್ಟಿದ ನಾಲ್ಕನೆಯ ದಿನ ಎರಡು ಪುಟದ ವರದಿ ಬಂತು. ಹಸಿರು ಬಣ್ಣದ ಚಕ್ರದೊಳಗೆ ಪೇಟೆಂಟ್ ಯೋಗ್ಯತೆ ಶೇಕಡಾ 92 ಎಂದು ಬರೆದಿತ್ತು. ಹೋಲಿಕೆಗೆ ಮೂರು ಹಳೆಯ ದಾಖಲೆ ಕೊಟ್ಟಿದ್ದರು. ಅದರಲ್ಲಿ ಒಂದು ಪ್ಯಾಂಟಿಗೆ ಕಟ್ಟುವ ಬೆಲ್ಟಿನದು. ಬಕಲಿನ ಚಿತ್ರವೂ ಇತ್ತು.

ಫೋನು ಮಾಡಿ, "ಇದು ಸೊಂಟಕ್ಕೆ ಕಟ್ಟುವುದಲ್ಲವೇ?" ಎಂದು ಕೇಳಿದೆ. "ಹೌದು ಸರ್, ನಿಮ್ಮದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸವಿದೆ ನೋಡಿ, ಹಾಗಾಗಿಯೇ 92" ಎಂದರು. ಮುಂದಿನ ಕಂತು 35,000 ಕೇಳಿದಾಗ ನಾನು ಫೋನಿಟ್ಟೆ. 9,999 ಅಡಿಕೆ ವ್ಯಾಪಾರದಲ್ಲಿ ಹೋಯಿತು ಎಂದುಕೊಂಡೆ.

ಮಂಗಳೂರಿನ ಏಜೆಂಟರನ್ನು ಕಾಣುವ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಪೇಟೆಂಟ್ ಏಜೆಂಟ್ ಎಂದು ಯಾರು ಬೇಕಾದರೂ ಫಲಕ ತೂಗುಹಾಕುವಂತಿಲ್ಲ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಬೇಕು, ಸರ್ಕಾರದ ಪರೀಕ್ಷೆ ಪಾಸಾಗಬೇಕು, ಪೇಟೆಂಟ್ ಕಚೇರಿಯ ಪಟ್ಟಿಯಲ್ಲಿ ಹೆಸರಿರಬೇಕು. ಪಟ್ಟಿ ಅಂತರ್ಜಾಲದಲ್ಲೇ ಇದೆ. ಇವರ ಹೆಸರು ಅದರಲ್ಲಿತ್ತು. ಆ ಇನ್ನೊಂದು ಸಂಸ್ಥೆಯಲ್ಲಿ ನನ್ನೊಡನೆ ಮಾತಾಡಿದವರ ಹೆಸರು ಇರಲಿಲ್ಲ.

ಕುಂಬಳೆಗೆ ಬಂದು, ಮಂಗಳೂರಿನ ಬಸ್ಸು ಹಿಡಿದು, ಬೆಲ್ಟಿನ ಎರಡು ಅಡಿ ತುಂಡನ್ನು ಕೈಚೀಲದಲ್ಲಿಟ್ಟುಕೊಂಡು ಹೋದೆ. ಹಳೆಯ ಕಟ್ಟಡದ ಎರಡನೆಯ ಮಹಡಿ, ಲಿಫ್ಟಿಲ್ಲ. ಅಲ್ಲಿದ್ದವರು ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಕೆಮಿಕಲ್ ಎಂಜಿನಿಯರಿಂಗ್ ಓದಿ ಕೆಲವು ವರ್ಷ ರಬ್ಬರು ಕಾರ್ಖಾನೆಯಲ್ಲಿ ಕೆಲಸ ಮಾಡಿದವರಂತೆ. ನಾನು ಚೀಲಕ್ಕೆ ಕೈ ಹಾಕುತ್ತಿದ್ದಂತೆ, "ಸ್ವಲ್ಪ ತಡೆಯಿರಿ, ಮೊದಲು ಇದಕ್ಕೆ ಇಬ್ಬರೂ ಸಹಿ ಹಾಕೋಣ" ಎಂದು ಗೋಪ್ಯತೆಯ ಒಪ್ಪಂದ ಮುಂದಿಟ್ಟರು. ಆಗಲೇ ಅರ್ಧ ನಕ್ಷತ್ರ ಕೊಟ್ಟುಬಿಟ್ಟೆ.

ತುಂಡನ್ನು ತೆಗೆದುಕೊಂಡವರೇ ಮೂಸಿದರು, ಬಗ್ಗಿಸಿದರು, ಉಗುರಿನಿಂದ ಅಂಚನ್ನು ಕೆದಕಿದರು. ಅವರು ಕೇಳಿದ ಮೊದಲ ಪ್ರಶ್ನೆ, "ನಾರು ಅಡ್ಡಕ್ಕೇ ಏಕೆ? ಉದ್ದಕ್ಕೆ ಇಟ್ಟಿದ್ದರೆ ಏನಾಗುತ್ತಿತ್ತು?" ಇಟ್ಟು ನೋಡಿದ್ದೇನೆ, ಬೆಲ್ಟು ಕೋಲಿನಂತೆ ಸೆಟೆದು ಸಣ್ಣ ಪುಲ್ಲಿಯ ಮೇಲೆ ಬಿರುಕು ಬಿಟ್ಟಿತು ಎಂದೆ. ಅದನ್ನು ಬರೆದುಕೊಂಡರು. ಒಂದೂವರೆ ಗಂಟೆ ಹೀಗೆಯೇ ನಡೆಯಿತು. ಎಲ್ಲಿ ಓಡಿತು, ಯಾರು ನೋಡಿದರು, ಯಾರು ಕೊಂಡರು, ಯಾವ ತಿಂಗಳು. ಸತ್ಯ ಹೇಳಬೇಕೆಂದರೆ ಪೊಲೀಸ್ ಠಾಣೆಯಲ್ಲಿ ಕುಳಿತಂತಾಯಿತು. ಆ ಪ್ರಶ್ನೆಗಳೇ ಮೇಲಿನ ಮೊತ್ತದ ಮುಖ್ಯ ಸರಕು ಎಂದು ಆಮೇಲೆ ತಿಳಿಯಿತು.

ವರದಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಪೇಟೆಂಟ್ ಕಾಯ್ದೆ 1970ರದ್ದು. ಅದರ ಪ್ರಕಾರ ವಸ್ತುವಾಗಲಿ ವಿಧಾನವಾಗಲಿ ಹೊಸದಾಗಿರಬೇಕು, ಕೈಗಾರಿಕೆಯಲ್ಲಿ ಬಳಸುವಂತಿರಬೇಕು, ಅದರಲ್ಲಿ ಆವಿಷ್ಕಾರದ ಒಂದು ಹೆಜ್ಜೆ ಇರಬೇಕು. ಆ ಹೆಜ್ಜೆ ಎಂದರೆ, ಅದೇ ಕಸುಬು ಬಲ್ಲ ಒಬ್ಬ ಮನುಷ್ಯನಿಗೆ "ಓ, ಇಷ್ಟೇ ತಾನೆ" ಎಂದು ತಾನಾಗಿ ಹೊಳೆಯುವಂತಿರಬಾರದು. ಬಳಕೆಯ ವಿಷಯದಲ್ಲಿ ನನ್ನ ಬೆಲ್ಟು ಒಂದೇ ಸಾಲಿನಲ್ಲಿ ಪಾಸು. ಉಳಿದೆರಡರಲ್ಲಿ ಬಿದ್ದಿತು.

ಏಜೆಂಟರು ಹುಡುಕಿದ್ದು ಭಾರತದ ಪೇಟೆಂಟ್ ಕಚೇರಿಯ ಕಡತಗಳಲ್ಲಿ, ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ಟಿನಲ್ಲಿ, ಗೂಗಲ್ ಪೇಟೆಂಟ್ಸಿನಲ್ಲಿ. ಬೆಲ್ಟು ಎಂಬ ಪದವನ್ನಷ್ಟೇ ಕೊಟ್ಟು ಹುಡುಕಿದರೆ ಪ್ಯಾಂಟಿನ ಬೆಲ್ಟೂ ಬರುತ್ತದೆ, ಕಾರಿನ ಸೀಟಿನ ಬೆಲ್ಟೂ ಬರುತ್ತದೆ. ಹಾಗಾಗಿ ಜಗತ್ತಿನ ಪೇಟೆಂಟುಗಳನ್ನೆಲ್ಲ ವಿಂಗಡಿಸುವ ಪದ್ಧತಿಯಲ್ಲಿ ಎಫ್16ಜಿ ಎಂಬ ಖಾನೆಯಿದೆ. ಯಂತ್ರ ಓಡಿಸುವ ಬೆಲ್ಟು, ಹಗ್ಗ, ಸರಪಳಿಗಳೆಲ್ಲ ಅಲ್ಲಿ. ಅದರೊಳಗೆ ರಬ್ಬರಿನದಕ್ಕೆ ಬೇರೆ, ರಬ್ಬರಿನೊಳಗೆ ಬಟ್ಟೆ ನೂಲು ಕೂಡಿಸಿದ್ದಕ್ಕೆ ಬೇರೆ ಉಪಖಾನೆ. ಆ ಉಪಖಾನೆಯ ಇರುವಿಕೆಯೇ ನನಗೆ ಅರ್ಧ ಉತ್ತರ ಹೇಳಿತು. ಅಲ್ಲಿ ಮೊದಲೇ ಎಷ್ಟು ಜನ ಚಾಪೆ ಹಾಸಿ ಕುಳಿತಿದ್ದರೆ ಸರ್ಕಾರಗಳು ಅವರಿಗೊಂದು ಕೋಣೆಯನ್ನೇ ಕಟ್ಟಿಸಿಕೊಟ್ಟಾವು!

ಹನ್ನೊಂದು ದಾಖಲೆ ತೆಗೆದಿದ್ದರು. ಅವನ್ನು ಓದಿದ ಮೇಲೆ ನಾನು ದಿನಾ ಮುಟ್ಟುವ ವಸ್ತುವಿನ ಒಳಗೆ ಏನಿದೆ ಎಂದು ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ಬೆಲ್ಟಿನ ಬಲ ರಬ್ಬರಿನದಲ್ಲ. ರಬ್ಬರು ಹಿಡಿಯುತ್ತದೆ, ಎಳೆಯುವುದು ಒಳಗಿನ ನೂಲು. ಮೊದಲು ಹತ್ತಿ, ಆಮೇಲೆ ರೇಯಾನ್, ಈಗ ಹೆಚ್ಚಾಗಿ ಪಾಲಿಯೆಸ್ಟರ್. ಭಾರದ ಕೆಲಸಕ್ಕೆ ಕೆವ್ಲಾರ್ ಜಾತಿಯ ನೂಲು, 1965ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದದ್ದು. ಈ ನೂಲು ರಬ್ಬರಿಗೆ ಸುಮ್ಮನೆ ಅಂಟುವುದಿಲ್ಲ. ರಿಸಾರ್ಸಿನಾಲ್, ಫಾರ್ಮಾಲ್ಡಿಹೈಡ್, ರಬ್ಬರು ಹಾಲು ಕೂಡಿಸಿದ ದ್ರವದಲ್ಲಿ ಅದ್ದಿ ಒಣಗಿಸಬೇಕು. ಇನ್ನು ನನ್ನ ಅಡ್ಡ ನಾರು. ವಿ-ಬೆಲ್ಟಿನ ಕೆಳಭಾಗದ ರಬ್ಬರಿನಲ್ಲಿ ಸಣ್ಣ ನಾರುಗಳನ್ನು ಬೆರೆಸಿ ಅಡ್ಡಕ್ಕೆ ತಿರುಗಿಸಿ ಕೂರಿಸುವ ವಿದ್ಯೆಯನ್ನು ಜಪಾನಿನ ಕೋಬೆ ನಗರದ ಬೆಲ್ಟು ಕಂಪನಿಗಳು ಎಂದೋ ಪೇಟೆಂಟ್ ಮಾಡಿಸಿಕೊಂಡಿವೆ. ಕಾರಣವೂ ನನ್ನದೇ: ಅಡ್ಡಕ್ಕೆ ಬಿಗಿ, ಉದ್ದಕ್ಕೆ ಬಾಗುವಿಕೆ. ನಾನು ಅಡಿಕೆ ಸಿಪ್ಪೆ ಬಾಚುತ್ತಾ ಮೂರು ತಿಂಗಳು ತಲೆ ಕೆಡಿಸಿಕೊಂಡದ್ದನ್ನು ಅವರು ನನಗಿಂತ ಎಷ್ಟೋ ಮೊದಲು ಬರೆದಿಟ್ಟಿದ್ದರು. ಬೇಸರವಾಯಿತು, ಒಂದು ಬಗೆಯ ಹೆಮ್ಮೆಯೂ ಆಯಿತು. ಉತ್ತರ ತಪ್ಪಾಗಿರಲಿಲ್ಲ, ತಡವಾಗಿತ್ತು.

ನೀರು ಹರಿದು ಹೋಗುವ ಗೀರುಗಳು ಬೇರೆ ದಾಖಲೆಗಳಲ್ಲಿ ಇದ್ದವು. ಅಡಿಕೆ ನಾರನ್ನು ಕ್ಷಾರದಲ್ಲಿ ನೆನೆಸಿ ರಬ್ಬರಿಗೋ ಪ್ಲಾಸ್ಟಿಕ್ಕಿಗೋ ಸೇರಿಸುವುದು ಕಾಲೇಜುಗಳ ಸಂಶೋಧನಾ ಲೇಖನಗಳಲ್ಲಿ ಇತ್ತು. ಮೂರನ್ನೂ ಒಟ್ಟಿಗೆ ಯಾರೂ ಮಾಡಿಲ್ಲವಲ್ಲ ಎಂದು ವಾದಿಸಿದೆ. ಮಾಡಿಲ್ಲ, ಆದರೆ ಮೂರನ್ನೂ ಬಲ್ಲವನಿಗೆ ಸೇರಿಸಲು ಏನು ಅಡ್ಡಿಯಿತ್ತು ಎಂಬುದೇ ಪರಿಶೀಲಕರ ಪ್ರಶ್ನೆ ಎಂದರು. ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕ ಇಟ್ಟು, ಪ್ರತಿಯೊಂದೂ ತನ್ನ ಪಾಡಿಗೆ ಮೊದಲಿನಂತೆಯೇ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವೇ ಅಲ್ಲ ಎನ್ನುವ ಕಲಂ 3(ಎಫ್) ಒಂದಿದೆ. ಅದು ನನಗೆ ತಗಲುವುದಿಲ್ಲ, ಗೀರೂ ನಾರೂ ಒಂದಕ್ಕೊಂದು ಆಸರೆಯಾಗಿವೆ ಎಂದು ನನ್ನ ಪರವಾಗಿಯೇ ಬರೆದಿದ್ದರು. ನನ್ನನ್ನು ಬೀಳಿಸಿದ್ದು ಆವಿಷ್ಕಾರದ ಹೆಜ್ಜೆ. ಎರಡರ ನಡುವಿನ ಈ ಕೂದಲೆಳೆಯ ವ್ಯತ್ಯಾಸವನ್ನು ಕಾಗದದ ಮೇಲೆ ಬೆಲ್ಟು ಬರೆದು ತೋರಿಸಿದರು. ಶೇಕಡಾ 92ರ ಹಸಿರು ಚಕ್ರದ ಎದುರು ಆ ಪೆನ್ಸಿಲ್ ಚಿತ್ರಕ್ಕೆ ನಾನು ಇನ್ನೊಮ್ಮೆ ದುಡ್ಡು ಕೊಡಬಲ್ಲೆ.

ಆವತ್ತು ಅವರು ಹೇಳಿದ ಒಂದು ಮೊಕದ್ದಮೆಯ ಕಥೆ ನನಗೆ ತುಂಬ ಹಿಡಿಸಿತು. ಉತ್ತರಪ್ರದೇಶದ ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆ ಮಾಡುವವರ ನಡುವಿನ ಜಗಳ. ಲೇತಿನಲ್ಲಿ ಪಾತ್ರೆಯನ್ನು ಗಟ್ಟಿಯಾಗಿ ಹಿಡಿಯುವ ಸಾಧನವೊಂದಕ್ಕೆ ಒಬ್ಬರು ಪೇಟೆಂಟ್ ಪಡೆದಿದ್ದರು, ಇನ್ನೊಬ್ಬರು ಅದನ್ನು ಪ್ರಶ್ನಿಸಿದರು. ಅದು ಸುಪ್ರೀಂ ಕೋರ್ಟಿನ ತನಕ ಹೋಗಿ, 1978ರ ಡಿಸೆಂಬರಿನಲ್ಲಿ ಪೇಟೆಂಟ್ ಬಿದ್ದುಹೋಯಿತು. ಹಳೆಯ ಲೇತಿನ ಹಳೆಯ ವಿದ್ಯೆಯನ್ನೇ ಚೂರು ಬದಲಿಸಿದ್ದೀರಿ, ಕಾರ್ಯಾಗಾರದಲ್ಲಿ ಮಾಡಿಕೊಳ್ಳುವ ಸುಧಾರಣೆಗಿಂತ ಹೆಚ್ಚಿನದು ಬೇಕು ಎಂಬುದು ತೀರ್ಪಿನ ತಿರುಳು. ಬಿಶ್ವನಾಥ ಪ್ರಸಾದ ರಾಧೇಶ್ಯಾಮ ಮೊಕದ್ದಮೆ ಎಂದು ಹೆಸರು. ಇವತ್ತಿಗೂ ಪೇಟೆಂಟ್ ಪರಿಶೀಲಕರ ಬಾಯಲ್ಲಿ ಆ ಪಾತ್ರೆಗಳು ಸದ್ದು ಮಾಡುತ್ತವಂತೆ. ನಮ್ಮಂಥ ಮಿಲ್ಲಿನವರ ಜೀವಮಾನದ ಬುದ್ಧಿಯೆಲ್ಲ ಇರುವುದು ಆ ಕಾರ್ಯಾಗಾರದ ಸುಧಾರಣೆಯಲ್ಲೇ ಎಂದು ಕೋರ್ಟಿಗೆ ಹೇಳಲು ನನಗೊಂದು ಅವಕಾಶ ಸಿಕ್ಕಿದ್ದರೆ ಎನ್ನಿಸಿತು.

ಈಗ ದಾಖಲೆ 7. ಪುಟ 14ರಲ್ಲಿ, ಜಪಾನಿನ ಒಂದು ಪೇಟೆಂಟಿನ ಕೆಳಗೆ, ಯೂಟ್ಯೂಬ್ ಕೊಂಡಿ, ದಿನಾಂಕ ಆಗಸ್ಟ್ 2023, ಅವಧಿ ನಾಲ್ಕು ನಿಮಿಷ. ಬಲಬದಿಯಲ್ಲಿ ವಿವರಣೆ: "ಅರ್ಜಿದಾರರ ಬೆಲ್ಟಿನ ಎಲ್ಲ ಅಂಶಗಳನ್ನೂ ಬಹಿರಂಗಪಡಿಸುತ್ತದೆ." ಅರ್ಜಿದಾರ ನಾನು. ವಿಡಿಯೋದಲ್ಲಿ ಲುಂಗಿ ಎತ್ತಿ ಕಟ್ಟಿ ನಾರು ಜೋಡಿಸುತ್ತಿರುವವನೂ ನಾನೇ. ಜಪಾನಿನವರು ನನ್ನನ್ನು ಆವಿಷ್ಕಾರದ ಹೆಜ್ಜೆಯಲ್ಲಿ ಸೋಲಿಸಿದರೆ, ಹೊಸತನದಲ್ಲಿ ನನ್ನನ್ನು ಸೋಲಿಸಿದವನು ನಾನು.

ಭಾರತದಲ್ಲಿ ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸಿದರೆ, ತೋರಿಸಿದವನು ಸ್ವತಃ ಕಂಡುಹಿಡಿದವನೇ ಆದರೂ ಹೊಸತನ ಹೋಯಿತು. ಸಣ್ಣಪುಟ್ಟ ವಿನಾಯಿತಿಗಳಿವೆ. ಬಹಿರಂಗವಾಗಿಯೇ ಓಡಿಸಿ ನೋಡಬೇಕಾದ ವಸ್ತುವಾದರೆ, ಬರೀ ಪರೀಕ್ಷೆಗಾಗಿ, ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ಓಡಿಸಿದ್ದಕ್ಕೆ ಕಲಂ 32ರಲ್ಲಿ ಕ್ಷಮೆಯಿದೆ. ನನ್ನದು ಎರಡೂವರೆ ವರ್ಷ, ಅದೂ ಮೂವರಿಗೆ ಮಾರಾಟ. ಪರೀಕ್ಷೆ ಎಂದು ಯಾವ ಬಾಯಲ್ಲಿ ಹೇಳಲಿ? ಅಳಿಯನಿಗೆ ಪುಟದ ಚಿತ್ರ ಕಳಿಸಿದೆ. "ಮಾವ, 340 ಜನ ಮಾತ್ರ ನೋಡಿದ್ದಾರೆ" ಎಂದು ಉತ್ತರ ಬರೆದ. ಒಬ್ಬ ನೋಡಿದ್ದರೂ ಸಾಕಂತೆ.

ನನ್ನ ಮುಖ ನೋಡಿ ಏಜೆಂಟರು ಸಮಾಧಾನಕ್ಕೆ ಗುಡ್‌ಇಯರ್ ಕಥೆ ಹೇಳಿದರು. ರಬ್ಬರನ್ನು ಗಂಧಕದೊಂದಿಗೆ ಬೇಯಿಸಿದರೆ ಗಟ್ಟಿಯಾಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ ಅಮೆರಿಕದಲ್ಲಿ 1839ರಲ್ಲೇ ಕಂಡುಕೊಂಡಿದ್ದ. ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಅಷ್ಟರಲ್ಲಿ ಅವನ ರಬ್ಬರಿನ ತುಂಡುಗಳು ಇಂಗ್ಲೆಂಡಿಗೆ ಹೋಗಿ ಥಾಮಸ್ ಹ್ಯಾನ್‌ಕಾಕ್ ಎಂಬವನ ಕೈಸೇರಿದ್ದವು. ಹ್ಯಾನ್‌ಕಾಕ್ ಗಂಧಕದ ಸುಳಿವು ಹಿಡಿದು ಇಂಗ್ಲೆಂಡಿನ ಪೇಟೆಂಟನ್ನು ತಾನೇ ಪಡೆದುಕೊಂಡ. ಗುಡ್‌ಇಯರ್ 1860ರಲ್ಲಿ ಸತ್ತದ್ದು ಸಾಲದಲ್ಲಿ. "ಅವನು ತುಂಡು ಕಳಿಸಿದ, ನೀವು ವಿಡಿಯೋ ಕಳಿಸಿದಿರಿ" ಎಂದರು. ಸಮಾಧಾನ ಹೇಳುವ ಕಲೆ ಇವರಿಗೆ ಅಷ್ಟಾಗಿ ಬರುವುದಿಲ್ಲ.

ಇಷ್ಟಾದರೆ ಮೂರು ನಕ್ಷತ್ರ. ನಾಲ್ಕನೆಯದು ಪುಟ 19ಕ್ಕೆ.

ಕಳೆದ ವರ್ಷ ಜೂನಿನಿಂದ ಎಕ್ಸ್‌ಪೆಲ್ಲರಿನಲ್ಲಿ ಓಡುತ್ತಿರುವುದು ಬೇರೆಯೇ ಬೆಲ್ಟು. ನಾರು ಅದೇ, ಗೀರು ಅದೇ. ಆದರೆ ನಾರನ್ನು ಈಗ ಸುಣ್ಣದ ನೀರಿನಲ್ಲಿ ಮಾತ್ರ ನೆನೆಸುವುದಿಲ್ಲ. ಮತ್ತೊಂದರಲ್ಲಿ ಅದ್ದಿ, ಒಂದು ಹದಕ್ಕೆ ಒಣಗಿಸಿ, ಆಮೇಲೆ ರಬ್ಬರಿಗೆ ಹಾಕುತ್ತೇನೆ. ಯಾವುದರಲ್ಲಿ, ಎಷ್ಟು ಹೊತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ಓದಿದವರಿಗೆ ಏಕೆಂದು ಹೇಳಬೇಕಾಗಿಲ್ಲ. ಮೊದಲಿನ ಬೆಲ್ಟಿನಲ್ಲಿ ಅಂಚು ಕಿತ್ತರೆ ನಾರು ಬರಿಮೈಯಲ್ಲಿ ಹೊರಬರುತ್ತಿತ್ತು, ಈಗ ರಬ್ಬರನ್ನು ಹಿಡಿದುಕೊಂಡೇ ಬರುತ್ತದೆ. ಇದನ್ನು ನಾನು ಏಜೆಂಟರಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, ಲೋಕಾಭಿರಾಮದ ಮಾತಿನಂತೆ ಹೇಳಿದ್ದೆ. ಅವರು ನನ್ನನ್ನು ಮತ್ತೆ ಕೂರಿಸಿದರು.

"ಇದನ್ನು ಮಾರಿದ್ದೀರಾ?" ಎಂದು ಕೇಳಿದರು. ಇಲ್ಲ. ಮನೆಯವಳು, ಒಂದು ಮಳೆಗಾಲ ನೋಡದೆ ಇದನ್ನು ಯಾರಿಗೂ ಕೊಡಬೇಡಿ, ಆಮೇಲೆ ಜಗಳ ಮನೆಗೆ ಬರುತ್ತದೆ ಎಂದಿದ್ದಳು. ಆ ಒಂದು ಮಾತು ನನ್ನನ್ನು ಉಳಿಸಿತು. ಗುಟ್ಟಾಗಿ ಇಟ್ಟುಕೊಂಡು ವ್ಯಾಪಾರಕ್ಕೆ ಬಳಸಿದರೂ ಮುಂದೆ ಕಲಂ 64ರ ಪ್ರಕಾರ ಪೇಟೆಂಟ್ ರದ್ದಾಗಬಹುದಂತೆ. ಪರೀಕ್ಷೆಗೆ ಮಾತ್ರ ಬಳಸಿದರೆ ಅಡ್ಡಿಯಿಲ್ಲ. ಧರ್ಮಕ್ಕೆ ಹೇಳುತ್ತಿದ್ದೆ ಎಂದವಳು ನಿಜಕ್ಕೂ ಧರ್ಮಕ್ಕೇ ಹೇಳಿದ್ದಳು.

ಪುಟ 19ರ ಸಾರಾಂಶ ಹೀಗಿದೆ. ಬೆಲ್ಟಿಗೆ ಹಕ್ಕು ಕೇಳಬೇಡಿ, ನಾರು ಹದ ಮಾಡುವ ವಿಧಾನಕ್ಕೆ ಕೇಳಿ. ಆ ವಿಧಾನ ಯಾವ ದಾಖಲೆಯಲ್ಲೂ ಸಿಕ್ಕಿಲ್ಲ. ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದರೆ ದಿನಾಂಕ ನಿಮ್ಮದಾಗುತ್ತದೆ, ಪೂರ್ಣ ವಿವರಣೆಗೆ ಹನ್ನೆರಡು ತಿಂಗಳು ಸಮಯ. ಆ ಹನ್ನೆರಡು ತಿಂಗಳಲ್ಲಿ ಲೆಕ್ಕ ತನ್ನಿ. ಬರೀ ರಬ್ಬರಿನದೊಂದು, ಸುಣ್ಣದ ನಾರಿನದೊಂದು, ಹೊಸ ಹದದ್ದೊಂದು, ಮೂರು ಪಟ್ಟಿ ಮಾಡಿ, ಎಷ್ಟು ಎಳೆದರೆ ಎಷ್ಟು ಹಿಗ್ಗಿತು, ಎಷ್ಟು ಬಲಕ್ಕೆ ಪದರ ಬಿಟ್ಟಿತು ಎಂದು ಅಳೆಸಿ. ನಿರೀಕ್ಷೆಗೆ ಮೀರಿದ ವ್ಯತ್ಯಾಸ ಅಂಕೆಯಲ್ಲಿ ಕಂಡರೆ ಮಾತ್ರ ಮಿರ್ಜಾಪುರದ ಪಾತ್ರೆಗಳಿಂದ ತಪ್ಪಿಸಿಕೊಳ್ಳಬಹುದು. ಅಂಚಿನಲ್ಲಿ ಪೆನ್ನಿನಿಂದ ಇನ್ನೊಂದು ಟಿಪ್ಪಣಿ ಇತ್ತು: "ಅದ್ದುವ ವಸ್ತುವನ್ನು ಹಿರಿಯರು ಇದೇ ಕೆಲಸಕ್ಕೆ ಬಳಸುತ್ತಿದ್ದರೇ? 3(ಪಿ)." ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ ಎನ್ನುವ ಕಲಂ ಅದು. ಅಜ್ಜ ಬಳಸುತ್ತಿದ್ದದ್ದು ಹೌದು, ಆದರೆ ಬೆಲ್ಟಿಗೂ ಅಲ್ಲ, ನಾರಿಗೂ ಅಲ್ಲ. ಬೇರೊಂದಕ್ಕೆ.

ಸರ್ಕಾರದ ಶುಲ್ಕ ಅಂದುಕೊಂಡದ್ದಕ್ಕಿಂತ ಕಡಿಮೆ. ನನ್ನಂಥ ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಲು 1,600 ರೂಪಾಯಿ, ಪರಿಶೀಲನೆ ಕೋರಲು ಇನ್ನೊಂದು 4,000. ಪರಿಶೀಲನೆಯನ್ನು 31 ತಿಂಗಳೊಳಗೆ ಕೋರಬೇಕು, ಮರೆತರೆ ಅರ್ಜಿ ಸತ್ತಂತೆ. ಹದಿನೆಂಟು ತಿಂಗಳಾದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಪ್ರಕಟವಾಗುವುದು ಬೇರೆ, ಮಂಜೂರಾಗುವುದು ಬೇರೆ. ಆ ಮೊದಲ ಸಂಸ್ಥೆ ಹದಿನೈದು ದಿನದಲ್ಲಿ ಕೊಡುತ್ತೇನೆ ಎಂದದ್ದು ಬರೀ ಅರ್ಜಿಯ ನಂಬರು. ಜಗತ್ತಿಗೆಲ್ಲ ಅನ್ವಯವಾಗುವ ಪೇಟೆಂಟ್ ಎಂಬ ವಸ್ತುವೇ ಇಲ್ಲವಂತೆ. ಭಾರತದ್ದು ಭಾರತಕ್ಕೆ, ಮಂಜೂರಾದರೆ ಅರ್ಜಿಯ ದಿನದಿಂದ ಇಪ್ಪತ್ತು ವರ್ಷ. ಆಗ ನನಗೆ ಎಪ್ಪತ್ತೆಂಟು. ಬೆಲ್ಟು ಇರುತ್ತದೋ ಇಲ್ಲವೋ, ಕಲಂ ನಂಬರುಗಳು ಬಾಯಿಪಾಠವಾಗಿರುತ್ತವೆ.

ದೂರುಗಳು. ಮೂರು ವಾರವೆಂದವರು ಆರು ವಾರ ಮಾಡಿದರು. ಸಂದೇಶ ಕಳಿಸಿದರೆ ಉತ್ತರ ಬರುವುದರೊಳಗೆ ಒಂದು ಗೋಣಿ ಕೊಪ್ಪರ ಅರೆದು ಮುಗಿಯುತ್ತದೆ. ಮಿಲ್ಲಿಗೆ ಒಮ್ಮೆ ಬಂದು ನೋಡಿ ಎಂದು ಎರಡು ಸಲ ಕರೆದೆ, ಬರಲಿಲ್ಲ. ತುಂಡು ನೋಡಿದರೆ ಓಟ ತಿಳಿಯುವುದಿಲ್ಲ ಎಂಬುದು ನನ್ನ ಮತ. ವರದಿ ಪೂರ್ತಿ ಇಂಗ್ಲಿಷಿನಲ್ಲಿ. ಪೇಟೆಂಟ್ ಕಚೇರಿಗೆ ಕಾಗದ ಪತ್ರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲೇ ಹೋಗಬೇಕೆಂಬ ನಿಯಮವಿದೆ, ಒಪ್ಪಿದೆ. ಆದರೆ ಈ ವರದಿ ಹೋಗಬೇಕಾದದ್ದು ಕಚೇರಿಗಲ್ಲ, ನನಗೆ. ಬಾಯಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳಿದವರು ಎರಡು ಪುಟವನ್ನಾದರೂ ಕನ್ನಡದಲ್ಲಿ ಬರೆದುಕೊಡಬಹುದಿತ್ತು. ಮೇಲೆ ನಾನು ಕನ್ನಡದಲ್ಲಿ ಕೊಟ್ಟ ಸಾಲುಗಳೆಲ್ಲ ಅಳಿಯನೂ ನಾನೂ ಕುಳಿತು ಬಿಡಿಸಿಕೊಂಡವು.

ಇನ್ನು ಕಳೆದ ನಕ್ಷತ್ರ. ವರದಿಯ ಮೊದಲ ಪುಟದಲ್ಲಿ ನನ್ನ ವಿಳಾಸ: ಬದಿಯಡ್ಕ, ಕಾಸರಗೋಡು ಜಿಲ್ಲೆ, ಕರ್ನಾಟಕ. 1956ರ ನವೆಂಬರಿನಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ ಮೇಲೆ ಎಷ್ಟು ಸತ್ಯಾಗ್ರಹ, ಎಷ್ಟು ಮನವಿ. 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಆಗದ್ದನ್ನು ಮಂಗಳೂರಿನ ಒಬ್ಬ ಟೈಪಿಸ್ಟ್ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದ. ಒಂದು ಕ್ಷಣ ಹಾಗೆಯೇ ಇರಲಿ ಎನ್ನಿಸಿತು. ಅಪ್ಪನಿಗೆ ತೋರಿಸಬೇಕಿತ್ತು ಎಂದೂ ಅನ್ನಿಸಿತು. ಆದರೆ ಅರ್ಜಿಯಲ್ಲಿ ವಿಳಾಸ ತಪ್ಪಿದರೆ ಮುಂದೆ ಪತ್ರಗಳೆಲ್ಲ ಎಲ್ಲೆಲ್ಲಿಗೋ ಹೋಗುತ್ತವೆ. ತಿದ್ದಿಸಿದೆ. ವಿಚಿತ್ರವೆಂದರೆ ಪೇಟೆಂಟಿನ ಮಟ್ಟಿಗೆ ಅದರಿಂದ ಕಚೇರಿ ಬದಲಾಗುವುದಿಲ್ಲ. ಕೇರಳದ ಅರ್ಜಿಯೂ ಕರ್ನಾಟಕದ ಅರ್ಜಿಯೂ ಹೋಗುವುದು ಚೆನ್ನೈನ ಗಿಂಡಿಗೇ. ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿಯ ಗೇಟು ನನಗೆ ಅಡ್ಡ ಬಾರದ ಒಂದೇ ಒಂದು ಸರ್ಕಾರಿ ಕೆಲಸ ಇದು.

ಈಗ ಏಪ್ರಿಲ್ ಕೊನೆ. ಹೊಸ ಬೆಲ್ಟು ಓಡತೊಡಗಿ ಜೂನಿಗೆ ವರ್ಷ ತುಂಬುತ್ತದೆ, ಅಷ್ಟರೊಳಗೆ ತಾತ್ಕಾಲಿಕ ಅರ್ಜಿ ಹೋಗಬೇಕು. ನಾರು ಅದ್ದುವ ಡ್ರಮ್ಮನ್ನು ಮಿಲ್ಲಿನ ಹಿಂದಿನ ಕೊಟ್ಟಿಗೆಗೆ ಸಾಗಿಸಿದ್ದೇನೆ. ಮೊನ್ನೆ ಕೊಪ್ಪರ ತಂದ ನೆರೆಮನೆಯವರು ವಾಸನೆ ಹಿಡಿದು ಅಲ್ಲಿಯ ತನಕ ಹೋಗಿ, "ಇದೇನು ಕಾಯಿಸಿದ್ದೀರಿ ಅಣ್ಣ?" ಎಂದು ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ, ದನಕ್ಕೆ ಕಷಾಯ ಎಂದು. ಅವರ ಹಸುವಿಗೂ ನಾಲ್ಕು ದಿನದಿಂದ ಹೊಟ್ಟೆ ಸರಿಯಿಲ್ಲವಂತೆ. ಒಂದು ಬಾಟಲಿ ಕೊಡಿ ಎಂದು ಖಾಲಿ ಬಾಟಲಿ ಹಿಡಿದುಕೊಂಡು ಮರುದಿನ ಬೆಳಿಗ್ಗೆಯೇ ಬಂದರು. ನಾಳೆ ಬನ್ನಿ ಎಂದು ಕಳಿಸಿ, ಏನು ಮಾಡಲಿ ಎಂದು ಏಜೆಂಟರಿಗೆ ಸಂದೇಶ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.